ಸೌದೆ ಡಿಪೋದ ಬ್ಯಾಂಡ್ ಮೇಷ್ಟ್ರು

ನನ್ನ ಮದುವೆಯಲ್ಲಿ ಗಟ್ಟಿಮೇಳ ಆಗಲಿಲ್ಲ.

ತಾಳಿ ಕಟ್ಟುವ ಗಳಿಗೆಯಲ್ಲಿ ವಾದ್ಯದವರು ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಜೋರಾಗಿ ನುಡಿಸಬೇಕು, ಅಪಶಕುನದ ಒಂದು ಸದ್ದೂ ಹೆಣ್ಣುಗಂಡಿನ ಕಿವಿಗೆ ಬೀಳಬಾರದು. ಇದು ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ನನ್ನ ಮದುವೆಯಲ್ಲಿ ಅದೇ ಗಳಿಗೆಗೆ ಸರಿಯಾಗಿ ವಾದ್ಯ ಗಪ್ಪೆಂದು ನಿಂತಿತು. ಆ ನಿಶ್ಶಬ್ದದಲ್ಲಿ ಯಾರೋ ಸೀನಿದರು. ಇಷ್ಟಕ್ಕೆಲ್ಲ ಮೂಲ ಕಾರಣ ಗೋವೆಯನ್ನಾಳುತ್ತಿದ್ದ ಪೋರ್ಚುಗೀಸ್ ಸರ್ಕಾರ ಎಂದರೆ ನೀವು ನಗಬಹುದು. ನಾವೂ ಆಮೇಲೆ ಬೇಕಾದಷ್ಟು ನಕ್ಕಿದ್ದೇವೆ. ಅವತ್ತು ಮಾತ್ರ ಯಾರೂ ನಗಲಿಲ್ಲ.

ನಮ್ಮದು ಇಲವಾಲದ ಕಡೆಯ ಒಕ್ಕಲುತನದ ಮನೆ. ಅಪ್ಪ ಅಣ್ಣತಮ್ಮಂದಿರ ಜತೆ ಜಮೀನಿನ ಜಗಳಕ್ಕೆ ನಿಲ್ಲದೆ, ಒಂದು ಜೋಡಿ ಎತ್ತು, ಒಂದು ಗಾಡಿ ಕಟ್ಟಿಕೊಂಡು ಮೈಸೂರಿಗೆ ಬಂದು ಸೌದೆ ಡಿಪೋ ಹಾಕಿದ್ದರು. ಹುಣಸೂರು ರಸ್ತೆಯ ಗಾಡಿಗಳು ಬೆಳಗಾಗುವುದರೊಳಗೆ ಬಂದು ನಮ್ಮ ಅಂಗಳದಲ್ಲಿ ನಿಲ್ಲುತ್ತಿದ್ದವು. ಒಂದು ಕಡೆ ಸೌದೆ ಒಡೆಯುವ ಸದ್ದು, ಇನ್ನೊಂದು ಕಡೆ ಆಳೆತ್ತರದ ತಕ್ಕಡಿ, ಹಿಂದೆ ನಮ್ಮ ಮನೆ, ಪಕ್ಕದಲ್ಲಿ ಹೆಂಚಿನ ಒಂದು ಕೋಣೆ. ಆ ಕೋಣೆ ಖಾಲಿ ಇತ್ತು.

ನಲವತ್ತೇಳರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು. ನಮ್ಮ ಮೈಸೂರಿನಲ್ಲಿ ಮಾತ್ರ ಇನ್ನೂ ಹಗ್ಗಜಗ್ಗಾಟ ನಡೆದಿತ್ತು. ಜನರ ಸರ್ಕಾರ ಬೇಕೆಂದು ದಿನ ಬೆಳಗಾದರೆ ಮೆರವಣಿಗೆ, ಕೂಗು, ಪೊಲೀಸರ ಓಡಾಟ. ಅಂಥ ಒಂದು ದಿನ, ತಲೆಗೆ ಹ್ಯಾಟು, ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ಗಂಟು ಇಟ್ಟುಕೊಂಡ ತೆಳ್ಳನೆಯ ಮನುಷ್ಯರೊಬ್ಬರು ಡಿಪೋಗೆ ಬಂದು ಮುರುಕು ಹಿಂದೂಸ್ತಾನಿಯಲ್ಲಿ ಕೋಣೆ ಕೇಳಿದರು. ಕೆಲಸ ಏನು ಎಂದು ಅಪ್ಪ ಕೇಳಿದ್ದಕ್ಕೆ ಗಂಟು ಬಿಚ್ಚಿ ಫಳಫಳ ಹೊಳೆಯುವ ಟ್ರಂಪೆಟ್ ತೋರಿಸಿದರು. ಅಪ್ಪ ಅದನ್ನು ತಿರುಗಿಸಿ ನೋಡಿ, "ಇದನ್ನ ಊದುದ್ರೆ ನಮ್ಮ ಎತ್ತು ಬೆದರ್ತವೆ ಕಣ್ರೀ" ಎಂದರು. ಆ ಮನುಷ್ಯರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಒಪ್ಪಿಗೆ ಕೊಟ್ಟರೆಂದು ತಿಳಿದು ಕೋಣೆಯೊಳಗೆ ಹೋಗಿಯೇಬಿಟ್ಟರು. ಅಪ್ಪನೂ ಹೊರಗೆ ಕರೆಯಲಿಲ್ಲ.

ಎತ್ತುಗಳು ಬೆದರಿದ್ದು ಮೊದಲ ಎರಡು ದಿನ ಮಾತ್ರ. ಆಮೇಲೆ ಅವೇ ಕಿವಿ ನೆಟ್ಟಗೆ ಮಾಡಿಕೊಂಡು ಹುಲ್ಲು ಮೇಯುತ್ತ ಕೇಳುತ್ತಿದ್ದವು. ಆಮೇಲೆ ಊರಿಗೆಲ್ಲ ಬ್ಯಾಂಡ್ ಮೇಷ್ಟ್ರಾದ ಅವರು ಕನ್ನಡ ಕಲಿತದ್ದು ಆ ಎತ್ತುಗಳ ಒಡೆಯರಿಂದ. ಹೀಗಾಗಿ ಹ್ಯಾಟು ಹಾಕಿಕೊಂಡು, ಭಾನುವಾರ ಇಸ್ತ್ರಿ ಮಾಡಿದ ಕೋಟು ತೊಟ್ಟು ಇಗರ್ಜಿಗೆ ಹೋಗುವ ಈ ಮನುಷ್ಯ ಬಾಯಿ ಬಿಟ್ಟರೆ ಸಾಕ್ಷಾತ್ ಇಲವಾಲದ ಗಾಡಿಯವನು. "ಎಂಗಿದ್ದೀರಿ ಸ್ವಾಮಿ, ಅಂಗೇ ವಸಿ ದಾರಿ ಬುಡಿ" ಎಂದು ಇಗರ್ಜಿಯ ಬಾಗಿಲಲ್ಲಿ ಯಾವುದೋ ವಕೀಲರಿಗೆ ಹೇಳಿ ಅವರನ್ನು ಬೆಚ್ಚಿಬೀಳಿಸಿದರಂತೆ.

ಅವರ ಕಥೆ ನಮಗೆ ಒಂದೇ ಸಲ ತಿಳಿಯಲಿಲ್ಲ. ಕನ್ನಡ ಬಂದಷ್ಟೂ ಕಥೆ ಬಂತು. ಅವರು ಗೋವೆಯ ತಮ್ಮೂರಿನ ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸುತ್ತಿದ್ದವರು. ಹಬ್ಬ, ಮದುವೆ, ದೊಡ್ಡ ಅಧಿಕಾರಿಗಳ ಸವಾರಿ, ಎಲ್ಲಕ್ಕೂ ಅದೇ ಬ್ಯಾಂಡು. ಒಂದು ದಿನ ಪೋರ್ಚುಗೀಸ್ ಅಧಿಕಾರಿಯೊಬ್ಬನ ಸ್ವಾಗತಕ್ಕೆ ನುಡಿಸಬೇಕೆಂದು ಅಪ್ಪಣೆಯಾಗಿತ್ತು. ಅದೇ ದಿನ ಊರಿನ ಜನ ಸ್ವಾತಂತ್ರ್ಯ ಬೇಕೆಂದು ಸಂತೆ ಮೈದಾನದಲ್ಲಿ ಸೇರಿದರು. ಬ್ಯಾಂಡಿನ ಮೂವರು ಅಧಿಕಾರಿಯ ಕಡೆ ಹೋಗದೆ ಜನರ ಕಡೆ ಹೋಗಿ ನುಡಿಸಿದರು. ಇಬ್ಬರು ಸಿಕ್ಕಿಬಿದ್ದು ಜೈಲಿಗೆ ಹೋದರು. ಇವರು ಪಾದ್ರಿಗಳ ದನದ ಕೊಟ್ಟಿಗೆಯ ಗೋಡೆ ಹಾರಿ, ಘಟ್ಟದ ಕಾಡು ಹಿಡಿದು, ಗಡಿಯಾಚೆ ಲೋಂಡಾದಲ್ಲಿ ರೈಲು ಹತ್ತಿದರು. ಹಿಂದಕ್ಕೆ ಕಾಲಿಟ್ಟರೆ ಜೈಲು. ಮೈಸೂರಿನಲ್ಲಿ ಸಂಗೀತಗಾರರಿಗೆ ಅನ್ನ ಸಿಗುತ್ತದೆ, ಅಲ್ಲಿಯ ದೊರೆಗೆ ಸಂಗೀತದ ಹುಚ್ಚು ಎಂದು ರೈಲಿನಲ್ಲಿ ಯಾರೋ ಹೇಳಿದ್ದರಂತೆ. ಬಂದವರು ಅರಮನೆಯ ಬಾಗಿಲವರೆಗೂ ಹೋಗಿ, ನಿಂತು, ವಾಪಸು ಬಂದರು. "ಒಬ್ಬ ದೊರೆಗೆ ಊದಲ್ಲ ಅಂತ ಊರು ಬುಟ್ಟು ಬಂದೆ. ಇನ್ನೊಬ್ಬ ದೊರೆಗೆ ಊದುದ್ರೆ ನಮ್ಮವ್ರು ಏನಂದಾರು? ಇನ್ಮೇಲೆ ಹೆಣ್ಣುಗಂಡಿಗೆ ಮಾತ್ರ ಊದೋದು" ಎಂದು ತೀರ್ಮಾನಿಸಿಬಿಟ್ಟಿದ್ದರು.

ನಮ್ಮಜ್ಜಿಗೆ ದೊರೆಗಳ ವಿಚಾರ ಬೇಕಿರಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಮದ್ವೆ ಆಗಿದ್ಯೇನಪ್ಪಾ ನಿಂಗೆ?"

"ಮೂರ್ರಲ್ಲಿ ಎರಡು ಪಾಲು ಆಗದೆ ಅಜ್ಜಿ."

ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಅಗಿಯುವುದನ್ನೇ ನಿಲ್ಲಿಸಿದರು. ಮೇಷ್ಟ್ರು ವಿವರಿಸಿದರು. ಅವರಲ್ಲಿ ಮದುವೆ ಗೊತ್ತಾದ ಮೇಲೆ ಇಂಥವನಿಗೆ ಇಂಥವಳನ್ನು ಕೊಡುತ್ತಿದ್ದೇವೆ, ಯಾರದಾದರೂ ತಕರಾರಿದೆಯೇ ಎಂದು ಇಗರ್ಜಿಯಲ್ಲಿ ಮೂರು ಭಾನುವಾರ ಎಲ್ಲರ ಮುಂದೆ ಓದಬೇಕು. ಅವರದ್ದನ್ನು ಎರಡು ಭಾನುವಾರ ಓದಿ ಆಗಿತ್ತು. ಮೂರನೆಯ ಭಾನುವಾರ ಬರುವುದರೊಳಗೆ ಅವರು ಲೋಂಡಾದಲ್ಲಿದ್ದರು. ಹುಡುಗಿ ಅದೇ ಊರಿನವರು, ಇಗರ್ಜಿಯಲ್ಲಿ ಹಾಡುವವರು.

"ಕಾಗ್ದ ಬರೀಬಾರ್ದೇನಪ್ಪಾ?"

"ನನ್ ಕಾಗ್ದ ಹೋದ್ರೆ ಹಿಂದ್ಗುಟ್ಲೆ ಪೊಲೀಸ್ನೋರೂ ಅವ್ಳ ಮನೇಗೆ ಓಯ್ತಾರೆ ಅಜ್ಜಿ. ಬೇಡ. ಕಾಯ್ತೀನಿ."

"ಆಗ್ಲಿ ಬುಡು. ರಾಮದೇವ್ರೇ ಹದಿನಾಲ್ಕು ವರ್ಷ ಕಾದ. ನಿಂದೇನು ಮಹಾ" ಎಂದರು ಅಜ್ಜಿ. ಅದು ಬರೀ ಸಮಾಧಾನದ ಮಾತಾಗಿತ್ತು. ಹೆಚ್ಚೆಂದರೆ ಇನ್ನೊಂದು ಯುಗಾದಿಯೊಳಗೆ ಪೋರ್ಚುಗೀಸರು ಗಂಟುಮೂಟೆ ಕಟ್ಟುತ್ತಾರೆ ಎಂದು ನಾವೆಲ್ಲ ನಂಬಿದ್ದ ಕಾಲ ಅದು.

ಹೀಗೆ ಕಾಯುತ್ತ ಕೂತ ಮನುಷ್ಯ ಸುಮ್ಮನೆ ಕೂರಲಿಲ್ಲ. ಡಿಪೋದ ಗಾಡಿಯವರು, ಕಟಿಂಗ್ ಅಂಗಡಿಯವರು, ಇಬ್ಬರು ದರ್ಜಿಗಳು, ಹೀಗೆ ಸಿಕ್ಕಿದವರನ್ನೆಲ್ಲ ಸೇರಿಸಿ ಒಂದು ಬ್ಯಾಂಡ್ ಸೆಟ್ಟು ಮಾಡಿದರು. ಕೆಂಪು ಕೋಟು ಹೊಲಿಯಲು ದರ್ಜಿಗಳು ಹೇಗೂ ಸೆಟ್ಟಿನಲ್ಲೇ ಇದ್ದರಲ್ಲ. ಮೇಷ್ಟ್ರಿಗೆ ಒಂದು ವಿಷಯದಲ್ಲಿ ವಿಪರೀತ ಶಿಸ್ತು. ಶುರು ಮಾಡುವುದನ್ನು ಯಾರು ಬೇಕಾದರೂ ಮಾಡುತ್ತಾರೆ, ನಿಲ್ಲಿಸುವುದರಲ್ಲಿ ಬ್ಯಾಂಡಿನ ಮರ್ಯಾದೆ ಇದೆ ಎನ್ನುವುದು ಅವರ ಮತ. ಅವರ ಕೈ ಮೇಲೆ ಹೋದರೆ ಇಡೀ ಸೆಟ್ಟು ಕತ್ತರಿಸಿದಂತೆ ಒಂದೇ ಉಸಿರಿಗೆ ನಿಲ್ಲಬೇಕು. ಒಬ್ಬ ಒಂದು ಕೂದಲೆಳೆ ಹೆಚ್ಚು ಊದಿದರೂ ಮೊದಲಿಂದ. "ಚಪ್ಪರ ತಲೆ ಮೇಲೆ ಬಿದ್ರೂ ನೀವು ಚಪ್ಪರ ನೋಡ್ಕೂಡ್ದು. ನನ್ ಕೈ ನೋಡ್ಬೇಕು" ಎನ್ನುತ್ತಿದ್ದರು. ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿ ಅದನ್ನು ಸಾಧಿಸಿದರು. ಮೈಸೂರಿನ ಬೀದಿಗಳಲ್ಲಿ ಗಂಡಿನ ಮೆರವಣಿಗೆ ಹೋಗುವಾಗ ಈ ಸೆಟ್ಟು ಒಮ್ಮೆಗೇ ನಿಲ್ಲಿಸುವುದನ್ನು ನೋಡಲೆಂದೇ ಜನ ಜಗಲಿಗೆ ಬರುತ್ತಿದ್ದರು. ಆದರೆ ಅವರದ್ದು ಮೆರವಣಿಗೆಯ ಬ್ಯಾಂಡು. ಚಪ್ಪರದ ಒಳಗೆ, ಮುಹೂರ್ತಕ್ಕೆ, ನಾಗಸ್ವರ ಡೋಲಿನ ಓಲಗದವರೇ. ಆ ಹೊತ್ತಿಗೆ ಬ್ಯಾಂಡಿನವರು ಹಿತ್ತಲಲ್ಲಿ ಕಾಫಿ ಕುಡಿಯುತ್ತಿರುತ್ತಾರೆ. ಹೀಗಾಗಿ ಮೂರು ವರ್ಷ ಮದುವೆ ಮದುವೆಗೆ ಹೋದರೂ ಮೇಷ್ಟ್ರು ಒಂದು ತಾಳಿ ಕಟ್ಟುವುದನ್ನೂ ಕಣ್ಣಾರೆ ನೋಡಿರಲಿಲ್ಲ.

ಐವತ್ತರಲ್ಲಿ ನನಗೆ ಹಿನಕಲ್ಲಿನ ಗಂಡು ಗೊತ್ತಾಯಿತು. ಪ್ರೈಮರಿ ಸ್ಕೂಲಿನ ಮೇಷ್ಟ್ರು, ಮಿತಭಾಷಿ. ಅವರ ಪಾಲಿನ ಮಾತನ್ನೂ ನಮ್ಮತ್ತೆಯವರೇ ಆಡುತ್ತಿದ್ದರು. ಡಿಪೋದ ಅಂಗಳದಲ್ಲೇ ಚಪ್ಪರ. ಸೌದೆಯ ರಾಶಿಗಳಿಗೆ ಮಾವಿನ ಸೊಪ್ಪು ಕಟ್ಟಿ, ಬಣ್ಣದ ಕಾಗದ ಅಂಟಿಸಿ, ತಕ್ಕಡಿಗೂ ಬಾಳೆಕಂದು ಕಟ್ಟಿದ್ದರು. "ಮನೆ ಮಗಳ ಮದ್ವೆ" ಎಂದು ಬ್ಯಾಂಡ್ ಮೇಷ್ಟ್ರು ಹೊಸ ಕೋಟು ಹೊಲಿಸಿಕೊಂಡು ಸೆಟ್ಟಿನ ಸಮೇತ ಸಿದ್ಧರಾಗಿದ್ದರು. ಗಂಡಿನ ಮೆರವಣಿಗೆ ಬಹಳ ಚೆನ್ನಾಗಿ ಆಯಿತು. ತೊಂದರೆ ಬಂದದ್ದು ಓಲಗದವರಿಂದ. ಅವರು ಅದೇ ದಿನ ಇನ್ನೊಂದು ಮುಹೂರ್ತವನ್ನೂ ಒಪ್ಪಿಕೊಂಡಿದ್ದರು. ಅಲ್ಲಿ ಗಂಡಿನ ಭಾವನ ಸಿಟ್ಟು ಇಳಿಯದೆ ತಾಳಿ ತಡವಾಗಿ, ಇವರು ಅಲ್ಲೇ ಸಿಕ್ಕಿಕೊಂಡರು. ನಮ್ಮ ಮುಹೂರ್ತ ಹತ್ತಿರ ಬಂತು. ಅಪ್ಪ ಹಿತ್ತಲಿಗೆ ಓಡಿ ಬ್ಯಾಂಡ್ ಮೇಷ್ಟ್ರ ಕೈ ಹಿಡಿದುಕೊಂಡರು.

"ಮೇಷ್ಟ್ರೇ, ಮಾನ ಉಳ್ಸಿ. ಒಳಗೆ ಬಂದು ನೀವೇ ನುಡಿಸ್ಬುಡಿ. ಪುರೋಹಿತ್ರ ಮೇಲೆ ಕಣ್ಣಿರ್ಲಿ. ಅವ್ರು ಕೈ ಎತ್ತುತಾರೆ, ಅಷ್ಟೇ."

ಕೈ ಎತ್ತಿದಾಗ ಏನು ಮಾಡಬೇಕು ಎಂದು ಅಪ್ಪ ಹೇಳಲಿಲ್ಲ. ಅದನ್ನೂ ಹೇಳಬೇಕೆಂದು ಮೈಸೂರಿನಲ್ಲಿ ಯಾರಿಗೆ ತಾನೇ ಹೊಳೆದೀತು?

ಪುರೋಹಿತರದು ಕೀರಲು ಧ್ವನಿ. ಬ್ಯಾಂಡಿನ ಅಬ್ಬರದಲ್ಲಿ ಅವರು "ಗಟ್ಟಿಮೇಳ" ಎಂದದ್ದು ಪಕ್ಕದಲ್ಲಿದ್ದ ನನಗೇ ಕೇಳಿಸಲಿಲ್ಲ. ಅವರು ಬಲಗೈ ಮೇಲೆತ್ತಿ ಬೆರಳು ಅಲ್ಲಾಡಿಸಿದ್ದು ಕಾಣಿಸಿತು. ಯಜಮಾನರು ತಾಳಿ ಹಿಡಿದು ನನ್ನ ಕಡೆ ಬಾಗಿದರು. ಬ್ಯಾಂಡ್ ಮೇಷ್ಟ್ರು ಪುರೋಹಿತರ ಕೈ ನೋಡಿದರು, ತಮ್ಮ ಕೈ ಎತ್ತಿದರು. ಹದಿನೈದು ಜನರ ಸೆಟ್ಟು ಕತ್ತರಿಸಿದಂತೆ ಒಂದೇ ಉಸಿರಿಗೆ ನಿಂತಿತು. ಅವರ ಜೀವಮಾನದಲ್ಲೇ ಅಷ್ಟು ಚೊಕ್ಕವಾಗಿ ನಿಂತಿರಲಿಲ್ಲವಂತೆ.

ಆ ನಿಶ್ಶಬ್ದದಲ್ಲಿ ನಮ್ಮತ್ತೆಯ ಅಣ್ಣ, ಆಗಷ್ಟೇ ನಶ್ಯ ಏರಿಸಿದ್ದವರು, ಚಪ್ಪರ ಅದುರುವ ಹಾಗೆ ಸೀನಿದರು.

ಎಲ್ಲರೂ ಒಟ್ಟಿಗೆ ಕೂಗಿದರು. "ಬಾರಿಸ್ರೋ! ಊದ್ರೋ!" ಅಷ್ಟು ಜನರ ಕೂಗಿನಲ್ಲಿ ಒಂದು ಮಾತೂ ಬಿಡಿಸಿ ಕೇಳಿಸದೆ, ಪೂಜೆಯ ಹೊತ್ತಿನಲ್ಲಿ ಇವರೇಕೆ ಗಲಾಟೆ ಮಾಡುತ್ತಾರೆ ಎಂದು ಬ್ಯಾಂಡ್ ಮೇಷ್ಟ್ರು ಬಾಯ ಮೇಲೆ ಬೆರಳಿಟ್ಟು ಇಡೀ ಚಪ್ಪರಕ್ಕೆ "ಶ್..." ಎಂದರು. ಸೆಟ್ಟಿನಲ್ಲಿ ಡೋಲು ಹಿಡಿದಿದ್ದ ಗಾಡಿಯವನು ಎಷ್ಟೋ ವರ್ಷದ ಮೇಲೂ ನನ್ನನ್ನು ಕಂಡಾಗೆಲ್ಲ, "ನಂಗೊತ್ತಿತ್ತು ಕಣವ್ವ, ಗಟ್ಟಿಮೇಳ ಅಂತ ಚೆನ್ನಾಗಿ ಗೊತ್ತಿತ್ತು. ಆದ್ರೆ ಮೇಷ್ಟ್ರ ಕೈ ಮೇಲಿತ್ತಲ್ಲ, ನಾನೇನ್ ಮಾಡ್ಲಿ?" ಎನ್ನುತ್ತಿದ್ದ. ಅಷ್ಟರಲ್ಲಿ ಮೂರು ಗಂಟೂ ಬಿದ್ದು ನಾನು ಹಿನಕಲ್ಲಿನ ಸೊಸೆಯಾಗಿದ್ದೆ.

ಊಟಕ್ಕೆ ಎಲೆ ಹಾಕುವವರೆಗೂ ವಾದ ನಡೆಯಿತು. ನಿಲ್ಲಿಸಿದ್ದು ಹೆಣ್ಣಿನ ಕಡೆ, ಸೀನಿದ್ದು ಗಂಡಿನ ಕಡೆ, ದೋಷ ಯಾರದು? ನಶ್ಯದ ಸೀನು ಸೀನಲ್ಲ, ಅದು ಅವರೇ ತಂದುಕೊಂಡದ್ದು ಎಂದು ಕೊನೆಗೆ ಪುರೋಹಿತರು ಪಾರು ಮಾಡಿದರು. ನಮ್ಮತ್ತೆ ಒಪ್ಪಲಿಲ್ಲ. ಹಾಲು ಉಕ್ಕಿದರೆ, ಹಸು ಒದ್ದರೆ, ಮಜ್ಜಿಗೆ ಕೆಟ್ಟರೆ, ಎಲ್ಲಕ್ಕೂ "ಮೇಳ ಇಲ್ದೆ ಕಟ್ಟಿದ ತಾಳಿ ಅಲ್ವಾ, ಇನ್ನೇನಾದಾತು" ಎನ್ನುತ್ತಿದ್ದರು. ಮೊದಲ ವರ್ಷ ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿಹೋಗಿತ್ತು. ಅಪ್ಪನ ಮನೆಗೆ ಹೋದಾಗ ಬ್ಯಾಂಡ್ ಮೇಷ್ಟ್ರ ಮುಂದೆ ಕೂತು ಚೆನ್ನಾಗಿ ಬೈದು ಬಂದೆ. ಅವರು ಹ್ಯಾಟು ತೆಗೆದು ಮಂಡಿಯ ಮೇಲಿಟ್ಟುಕೊಂಡು ಎಲ್ಲವನ್ನೂ ಕೇಳಿಸಿಕೊಂಡರು.

ಮದುವೆಯಾದ ದಿನವೇ ಮರುವರ್ಷ ಬಂದಾಗ, ಹಿನಕಲ್ಲಿನ ನಮ್ಮ ಮನೆಯ ಮುಂದೆ ಕೆಂಪು ಕೋಟಿನ ಹದಿನೈದು ಜನ ಸಾಲಾಗಿ ನಿಂತಿದ್ದರು. ಮೈಸೂರಿನಿಂದ ನಡೆದೇ ಬಂದಿದ್ದರು. ನಮ್ಮತ್ತೆ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಅಡಿಕೆಗೋದ ಮಾನ ಆನೆ ಕೊಟ್ರೂ ಬರಕಿಲ್ಲ ಮೇಷ್ಟ್ರೇ. ಈಗ ಬಂದು ಊದುದ್ರೆ ಏನ್ ಬಂತು? ನಡೀರಿ, ನಡೀರಿ" ಎಂದು ಕೈ ಎತ್ತಿ ಅಟ್ಟಿದರು.

ಮೇಷ್ಟ್ರು ಆ ಕೈಗೇ ಕಾಯುತ್ತಿದ್ದರು. ಅತ್ತೆಯ ಕೈ ಮೇಲೆ ಹೋಗಿದ್ದೇ ತಡ, ಹದಿನೈದೂ ಜನ ಒಟ್ಟಿಗೆ ಗಟ್ಟಿಮೇಳ ಹೊಡೆದರು. ಬೇಲಿಯ ಮೇಲಿದ್ದ ಕೋಳಿಗಳೆಲ್ಲ ಹಾರಿದವು. ಪಕ್ಕದ ಮನೆಯವರು ಒಲೆ ಮೇಲೆ ಇಟ್ಟದ್ದನ್ನು ಬಿಟ್ಟು ಓಡಿಬಂದರು. ಅತ್ತೆ ಗಾಬರಿಯಲ್ಲಿ ಕೈ ಇಳಿಸಲು ಮರೆತರು. ಅವರ ಕೈ ಮೇಲಿರುವವರೆಗೂ ಬ್ಯಾಂಡು ನಿಲ್ಲಲಿಲ್ಲ. ಕೊನೆಗೆ ಅವರಿಗೆ ಹೊಳೆದು ಕೈ ಇಳಿಸಿದರು, ನಿಂತಿತು. ಮತ್ತೆ ಮೆಲ್ಲಗೆ ಎತ್ತಿ ನೋಡಿದರು, ಶುರುವಾಯಿತು. ನಮ್ಮತ್ತೆ ಜಗಲಿಯ ಮೇಲೆ ಕುಸಿದು ಕೂತು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆವತ್ತು ಹದಿನೈದು ಜನಕ್ಕೂ ನಮ್ಮ ಮನೆಯಲ್ಲೇ ಮುದ್ದೆ, ಕೋಳಿಸಾರು.

ಅಲ್ಲಿಂದ ಅದೊಂದು ಪದ್ಧತಿಯೇ ಆಗಿಬಿಟ್ಟಿತು. ಪ್ರತಿ ವರ್ಷ ಬ್ಯಾಂಡು ಬರುವುದು, ಅತ್ತೆ ಹೊಸ ಸೀರೆ ಉಟ್ಟು ಕೈ ಎತ್ತುವುದು. ಯಜಮಾನರಿಗೆ ಪೇಟೆಯ ಶಾಲೆಗೆ ವರ್ಗವಾಗಿ ನಾವು ಡಿಪೋದ ಹಿಂದಿನ ಬೀದಿಗೆ ಮನೆ ಮಾಡಿದ ಮೇಲಂತೂ ಬ್ಯಾಂಡ್ ಮೇಷ್ಟ್ರು ನಮ್ಮತ್ತೆಯ ಮಾತಿನ ಜೊತೆಗಾರರೇ ಆದರು. ಮುದ್ದೆಯನ್ನು ಅಗಿಯದೆ ನುಂಗಲು ಅತ್ತೆಯೇ ಕಲಿಸಿದರು. "ಟ್ರಂಪೆಟ್ಟು ಊದೋ ಗಂಟ್ಲು, ಮುದ್ದೆ ಇಳೀದಾ?" ಎಂದು ಛೇಡಿಸುತ್ತಿದ್ದರು. ಮೇಷ್ಟ್ರು ನಕ್ಕರೆ ಸಣ್ಣ ನಗೆಯಲ್ಲ, ಅಂಗಳದ ಎತ್ತುಗಳು ತಲೆಯೆತ್ತಿ ನೋಡಬೇಕು. ಭಾನುವಾರ ಇಗರ್ಜಿಯಿಂದ ಬಂದವರು ಕೋಟು ಬಿಚ್ಚಿ, ಸೌದೆ ರಾಶಿಯ ಮೇಲೆ ಕೂತು, ಊರಿನಲ್ಲಿ ಆ ಹುಡುಗಿ ಹಾಡುತ್ತಿದ್ದ ಹಾಡುಗಳನ್ನು ನುಡಿಸುತ್ತಿದ್ದರು. ಅಳುವ ಹಾಡೆಂದರೆ ಅವರಿಗೆ ಆಗದು, ಎಲ್ಲ ಕುಣಿಸುವಂಥವೇ. ಭಾನುವಾರ ನಮ್ಮ ಡಿಪೋದಲ್ಲಿ ವ್ಯಾಪಾರ ಜಾಸ್ತಿ. ಸೌದೆ ಕೊಳ್ಳಲು ಬಂದವರು ತೂಕವಾದ ಮೇಲೂ ಹೋಗುತ್ತಿರಲಿಲ್ಲ.

ಹುಡುಗಿಯ ಸುದ್ದಿ ಅಪರೂಪಕ್ಕೆ ಬರುತ್ತಿತ್ತು. ಬೊಂಬಾಯಿಯಿಂದ ಬಂದ ಯಾರೋ ಅಡುಗೆಯವನು, ಯಾರೋ ಪಿಟೀಲಿನವನು, "ಚೆನ್ನಾಗಿದ್ದಾಳೆ, ಇಗರ್ಜಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಾಳೆ" ಎನ್ನುತ್ತಿದ್ದರು. ಗಡಿಯಲ್ಲಿ ಸತ್ಯಾಗ್ರಹ, ಗುಂಡು ಎಲ್ಲ ಆಗಿ ದಾರಿ ಮುಚ್ಚಿದ ಮೇಲೆ ಅದೂ ನಿಂತಿತು. ಅಜ್ಜಿ ಇರುವಷ್ಟು ದಿನ, "ಆ ಹೆಣ್ಣು ಕಾದಿದ್ದಾತಾ? ನಿಮ್ಮೋರ್ದೇ ಇಲ್ಲಿ ಒಂದು ನೋಡಾನ" ಎಂದು ವರ್ಷಕ್ಕೊಮ್ಮೆ ಕೇಳುತ್ತಿದ್ದರು. "ಎರಡು ಪಾಲು ಆಗ್ಬುಟ್ಟದೆ ಅಜ್ಜಿ, ಇನ್ನೊಂದೇ ಪಾಲು" ಎಂದು ಮೇಷ್ಟ್ರು ನಗುತ್ತಿದ್ದರು. ಆ ಮೂರನೆಯ ಪಾಲು ಆಗುತ್ತದೋ ಇಲ್ಲವೋ ಎಂಬುದು ನಮ್ಮ ಇಡೀ ಬೀದಿಯ ಚಿಂತೆಯಾಗಿತ್ತು. ಕೆಲವರು ಹರಕೆಯನ್ನೂ ಹೊತ್ತಿದ್ದರು.

ಅರವತ್ತೊಂದರ ಡಿಸೆಂಬರಿನಲ್ಲಿ ಯಜಮಾನರು, ಎಂದೂ ಓಡದವರು, ಹೋಟೆಲಿನ ರೇಡಿಯೋ ಕೇಳಿ ಓಡಿಬಂದರು. ಗೋವಾ ಬಿಡುಗಡೆಯಾಗಿತ್ತು. ಕ್ಷಣದಲ್ಲಿ ಡಿಪೋ ತುಂಬಿತು. ಯಾರೋ ಹಾರ ತಂದರು, ಯಾರೋ ಮೈಸೂರುಪಾಕು ತಂದರು. ಸೆಟ್ಟಿನವರು ಕೋಟು ಕೂಡ ಹಾಕದೆ ಬನಿಯನ್ನಿನಲ್ಲೇ ನುಡಿಸಿದರು. ಮೇಷ್ಟ್ರು ಎಲ್ಲರನ್ನೂ ತಬ್ಬಿಕೊಂಡರು. ಅಪ್ಪನನ್ನು ಎತ್ತಿ ತಕ್ಕಡಿಯಲ್ಲಿ ಕೂರಿಸಿಬಿಟ್ಟರು. ಅವರು ಸಂಜೆಯ ರೈಲಿಗೇ ಹೊರಡುತ್ತಾರೆಂದು ನಾನು ಬುತ್ತಿಗೆ ಪುಳಿಯೋಗರೆ ಕಲಸಿದೆ.

ಅವರು ಹೊರಡಲಿಲ್ಲ. ಪುಳಿಯೋಗರೆಯನ್ನು ನಾವೇ ತಿಂದೆವು. ಮರುದಿನವೂ ಇಲ್ಲ, ಮರುವಾರವೂ ಇಲ್ಲ. ಕ್ರಿಸ್‌ಮಸ್ ಕಳೆಯಿತು. ಕೇಳಿದವರಿಗೆ, "ಮದ್ವೆ ಕಾಲ, ಸೆಟ್ಟು ಬುಟ್ಟು ಎಂಗೆ ಹೋಗ್ಲಿ" ಎನ್ನುತ್ತಿದ್ದರು. ಹೊರಗಿನವರು ಹೌದೆಂದು ತಲೆಯಾಡಿಸಿದರು. ನಮ್ಮತ್ತೆಯ ಹತ್ತಿರ ಆ ಆಟ ನಡೆಯಲಿಲ್ಲ.

"ಧನುರ್ಮಾಸದಲ್ಲಿ ಯಾರ ಮದ್ವೆ ಮೇಷ್ಟ್ರೇ? ನಿಮ್ಮಪ್ಪಂದಾ?"

ಮೇಷ್ಟ್ರು ಕೋಣೆಯೊಳಗೆ ಹೋಗಿಬಿಟ್ಟರು. ನನಗೆ ತಡೆಯಲಾಗಲಿಲ್ಲ. ಹಿಂದೆಯೇ ಹೋದೆ. ಟ್ರಂಪೆಟ್ಟನ್ನು ಉಜ್ಜುತ್ತ ಕೂತಿದ್ದರು. ಉಜ್ಜಲು ಅದರಲ್ಲಿ ಏನೂ ಉಳಿದಿರಲಿಲ್ಲ.

"ಏನ್ ಮೇಷ್ಟ್ರೇ ಇದು? ಇಷ್ಟು ವರ್ಷ ಬೀದಿಯೋರ ಕೈಲೆಲ್ಲ ಹರಕೆ ಹೊರಿಸ್ಬುಟ್ಟು ಈಗ ಕೂತಿದ್ದೀರಲ್ಲ?"

ಅವರು ಬಾಯಿ ತೆರೆದು ಬಲಗಡೆ ತೋರಿಸಿದರು. "ಹಲ್ಲು ಬಿದ್ದೋಗದೆ ಕಣಮ್ಮ. ಕೂದ್ಲೂ ಹೋಯ್ತು. ಅವ್ಳು ನೋಡಿದ್ದ ಹುಡ್ಗ ನಾನಲ್ಲ."

"ಹಲ್ಲು ನೋಡಿ ಕೊಳ್ಳೋಕೆ ನೀವೇನು ಎತ್ತಾ?"

ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟರು.

"ನನ್ ಜೊತೆಯೋರು ಜೈಲಲ್ಲಿ ಕೊಳೆತ್ರು. ಅವ್ಳು ಅಲ್ಲಿ ಒಬ್ಳೇ. ನಾನಿಲ್ಲಿ ಮುದ್ದೆ ತಿಂದ್ಕೊಂಡು, ಮದ್ವೆ ಮದ್ವೆಗೆ ಊದ್ಕೊಂಡು, ನಿಮ್ಮತ್ತೆ ಕೈಲಿ ಬೈಸ್ಕೊಂಡು, ನಕ್ಕೊಂಡು ಇದ್ಬುಟ್ಟೆ. ದೇಶ ಕಳ್ಕೊಂಡು ಬಂದೋನು ಇಂಗಾ ಇರೋದು? ಎಂಗಿದ್ದೆ ಅಂತ ಅವ್ಳು ಕೇಳ್ತಾಳೆ. ಚೆನ್ನಾಗಿದ್ದೆ ಅಂತ ಎಂಗೆ ಹೇಳ್ಲಿ ಕಣಮ್ಮ?"

ಉತ್ತರ ಇಲ್ಲದಿದ್ದಾಗ ನನಗೆ ಸಿಟ್ಟು ಬರುತ್ತದೆ, ಇವತ್ತಿಗೂ ಹಾಗೆಯೇ. "ಅದನ್ನ ಇಲ್ಲಿ ಕೂತು ಟ್ರಂಪೆಟ್ನ ಕೇಳುದ್ರೆ ಏನ್ ಬಂತು? ಹೋಗಿ ಅವ್ರಿಗೇ ಹೇಳಿ. ಬೈದ್ರೆ ಬೈಸ್ಕೊಳ್ಳಿ. ಅಭ್ಯಾಸ ಇದ್ಯಲ್ಲ!" ಎಂದು ಕೂಗಾಡಿದೆ. ಸಂಕ್ರಾಂತಿಯ ಎಳ್ಳು ಬೆಲ್ಲ ಬಾಯಿಗೆ ಹಾಕಿ, ಮರುದಿನ ನಾನೂ ನಮ್ಮತ್ತೆಯೂ ಸ್ಟೇಷನ್ನಿಗೆ ಹೋಗಿ ಅವರನ್ನು ರೈಲಿನಲ್ಲಿ ಕೂರಿಸಿಯೇ ಬಂದೆವು. ಈ ಸಲ ಬುತ್ತಿ ವ್ಯರ್ಥವಾಗಲಿಲ್ಲ.

ಅವರು ಹೋದ ಮೇಲೆ ಅಂಗಳ ಬಿಕೋ ಎಂದಿತು. ವಾಪಸು ಬರುತ್ತಾರೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸೆಟ್ಟಿನಲ್ಲಿ ಡೋಲಿನವನೇ ಕೈ ಎತ್ತತೊಡಗಿದ. ಅವನು ಎತ್ತಿದರೆ ಅರ್ಧ ಜನ ಶುರು ಮಾಡುತ್ತಿದ್ದರು, ಅರ್ಧ ಜನ ನಿಲ್ಲಿಸುತ್ತಿದ್ದರು.

ಮಾಘ ಮುಗಿಯುತ್ತ ಬಂದಾಗ ಡಿಪೋಗೆ ತಂತಿ ಬಂತು, ಹೆಂಡತಿಯೊಂದಿಗೆ ಬರುತ್ತಿದ್ದೇನೆಂದು. ಅಪ್ಪ ಅದನ್ನು ಗಿರಾಕಿಗಳಿಗೆಲ್ಲ ತೋರಿಸಿ ತೋರಿಸಿ ಹರಿದುಹಾಕಿದರು. ರೈಲು ಬಂದ ದಿನ ಸ್ಟೇಷನ್ನಿನಲ್ಲಿ ಸೆಟ್ಟಿನವರು ನುಡಿಸಿದ್ದಕ್ಕೆ ಟಿಕೆಟ್ ಕಲೆಕ್ಟರ್ ಯಾವ ಮಿನಿಸ್ಟರು ಎಂದು ವಿಚಾರಿಸಿದರು. ಮೇಷ್ಟ್ರು ಇಳಿದರು. ಹಿಂದೆ ನೀಲಿ ಗೌ‍ನು ತೊಟ್ಟ, ಎತ್ತರದ, ನೆತ್ತಿಯಲ್ಲಿ ಒಂದೆರಡು ಬಿಳಿಕೂದಲಿದ್ದ ಹೆಂಗಸು ಇಳಿದರು. ನಮ್ಮತ್ತೆ ಗೌನನ್ನು ಮೇಲಿಂದ ಕೆಳಗೆ ನೋಡಿ, ಒಂದು ಮಾತೂ ಆಡದೆ, ಅವರ ತಲೆಗೆ ಎರಡು ಮೊಳ ಮಲ್ಲಿಗೆ ಮುಡಿಸಿದರು.

ಆಕೆ ಅಷ್ಟು ವರ್ಷವೂ ಕಾದಿದ್ದರು. ಆದರೆ ಊರಿನ ಹೊಸ ಪಾದ್ರಿಗಳು, ಹಳೆಯ ಎರಡು ಭಾನುವಾರ ಲೆಕ್ಕಕ್ಕೆ ಬಾರದು, ಮೊದಲಿಂದ ಮೂರೂ ಆಗಬೇಕು ಎಂದರಂತೆ. "ಎರಡು ಪಾಲು ಆಗಿದ್ದ ಮದ್ವೆ ಮತ್ತೆ ಸೊನ್ನೆಗೆ ಬಂತು!" ಎಂದು ಮೇಷ್ಟ್ರು ಟಾಂಗಾದಲ್ಲಿ ಹೇಳಿದರು. ನಾವೆಲ್ಲ ನಕ್ಕೆವು. ಅವರು ಮಾತ್ರ ನಡುವೆ ನಗುವುದನ್ನು ನಿಲ್ಲಿಸಿ ಹೆಂಡತಿಯ ಮುಖ ನೋಡಿದರು. ಆಕೆ ಕೂಡ ತುಟಿಯಂಚಿಗೆ ಬಂದದ್ದನ್ನು ತಡೆದುಕೊಂಡಂತೆ ರಸ್ತೆ ನೋಡುತ್ತಿದ್ದರು. ಒಂದು ವಾರ ಹೀಗೇ ನಡೆಯಿತು. ಇಬ್ಬರೂ ಒಬ್ಬರಿಗೊಬ್ಬರು ಬಹಳ ಮರ್ಯಾದೆಯಿಂದ ನಡೆದುಕೊಳ್ಳುತ್ತಿದ್ದರು. ಎತ್ತುಗಳು ತಲೆಯೆತ್ತುವಂಥ ನಗೆ ಒಂದು ದಿನವೂ ಕೇಳಿಸಲಿಲ್ಲ. ನಮ್ಮತ್ತೆ, "ಇದೇನ್ ಮದ್ವೆ ಮನೆಯೋ ಸೂತಕದ ಮನೆಯೋ" ಎಂದು ಗೊಣಗಿದರು. ಹದಿನಾಲ್ಕು ವರ್ಷ ಕಾದು ಹೀಗಾಯಿತಲ್ಲ ಎಂದು ನನಗೂ ಸಂಕಟ. ರೈಲು ಹತ್ತಿಸಿದವಳು ನಾನೇ ತಾನೆ.

ಒಂದು ಬೆಳಗ್ಗೆ, ಮೇಷ್ಟ್ರು ಸೆಟ್ಟಿನವರ ಜತೆ ಅಂಗಳದಲ್ಲಿದ್ದಾಗ, ಆಕೆ ನಮ್ಮ ಅಡುಗೆಮನೆಗೆ ಬಂದು ಮಣೆಯ ಮೇಲೆ ಕೂತರು. ಅವರ ತಾಯಿಯ ತವರು ಕಾರವಾರದ ಕಡೆ. ಆ ಕಡೆಯ ಕನ್ನಡ ಬರುತ್ತಿತ್ತು. ನಾನು ಅವರೆಕಾಯಿ ಬಿಡಿಸುತ್ತಿದ್ದೆ. ಅವರೂ ಒಂದು ಹಿಡಿ ತೆಗೆದುಕೊಂಡು ಬಿಡಿಸತೊಡಗಿದರು. ಬಿಡಿಸುತ್ತಲೇ ಕೇಳಿದರು.

"ಒಂದು ಮಾತು ಕೇಳ್ತೆ. ಖರೆ ಹೇಳ್ಬೇಕು. ಅವರು ಇಲ್ಲಿ ನಗ್ತಿದ್ರಾ?"

ಇಲ್ಲ ಎಂದರೆ ಇವರು ಅಷ್ಟು ವರ್ಷದ್ದನ್ನೂ ಸೇರಿಸಿ ಮರುಗುತ್ತಾರೆ. ಹೌದು ಎಂದರೆ, ನನ್ನನ್ನು ಬಿಟ್ಟು ನಗುತ್ತಿದ್ದರೇ ಎಂದು ನೊಂದುಕೊಳ್ಳುತ್ತಾರೆ. ಎರಡರಲ್ಲಿ ಯಾವುದೂ ನನ್ನ ಬಾಯಿಂದ ಬರುವುದು ಬೇಡ ಅನ್ನಿಸಿತು. ಆದರೆ ನಾನು ಸುಳ್ಳು ಹೇಳಿದರೆ ಮುಖದಲ್ಲೇ ಗೊತ್ತಾಗುತ್ತದೆ.

"ನಗ್ತಿದ್ರು ಕಣ್ರೀ" ಎಂದೆ.

"ತುಂಬಾ?"

"ತುಂಬಾ. ದಿನಾ. ಅಳೋ ಹಾಡು ನುಡಿಸ್ತಾನೇ ಇರ್ಲಿಲ್ಲ. ನಮ್ಮ ಬೀದೀಲಿ ಅವರಷ್ಟು ನಕ್ಕೋರು ಇನ್ನೊಬ್ರಿಲ್ಲ."

ಆಕೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಭುಜ ಅಲುಗಿತು. ಅಯ್ಯೋ, ಹಾಳು ಬಾಯಿ ಎಂದು ನನ್ನನ್ನೇ ಬೈದುಕೊಂಡು ಅವರ ಪಕ್ಕಕ್ಕೆ ಸರಿದೆ. ಕೈ ಇಳಿಸಿದಾಗ ಕಣ್ಣು ಒದ್ದೆಯಾಗಿತ್ತು, ಆದರೆ ಅವರು ನಗುತ್ತಿದ್ದರು.

"ಮದುವೆ ಆದಾಗಿಂದ ನಾನು ಅತ್ತಿದ್ದನ್ನೇ ಹೇಳ್ತೆ, ಅವರು ಅತ್ತಿದ್ದನ್ನೇ ಹೇಳ್ತಾರೆ" ಎಂದರು. "ಹಾಡು ಕಲಿಯೋ ಮಕ್ಕಳ ಸಂಗಡ ನಾನು ಏನೇನು ಆಟ ಆಡಿದ್ದೆ ಅಂತ ನಿಮಗೇನು ಗೊತ್ತು! ಅದೆಲ್ಲ ಬಾಯಿಗೆ ಬರ್ತದೆ, ನುಂಗ್ತೆ. ಇವರು ಪರದೇಶದಲ್ಲಿ ದುಃಖ ತಿಂತಿರೋವಾಗ ನಾನು ಹಾಗೆಲ್ಲ ಇದ್ದೆ ಅಂತ ಹ್ಯಾಗೆ ಹೇಳೂದು?" ಅವರೆಕಾಳಿನ ತಟ್ಟೆಯನ್ನು ನನ್ನ ಕಡೆ ಸರಿಸಿ ಎದ್ದು ನಿಂತರು. "ಇನ್ನು ಹೇಳ್ಬಹುದು. ನಾನೂ ನಕ್ಕಿದ್ದೆ ಅಂತ ಈಗಲೇ ಹೋಗಿ ಹೇಳ್ತೆ."